ಮಳೆಗಾಲ ಕಳೆದು ಮೋಟಾರ್ ಸೈಕಲ್ ಹೊರತೆಗೆಯುವ ಮುನ್ನ

ಕಾಸರಗೋಡಿನ ನಮ್ಮ ಕಡೆ ಆಟಿ, ಸೋಣ ತಿಂಗಳುಗಳಲ್ಲಿ ತೋಟದ ದಾರಿ ಕೆಸರಾಗಿ ಅನೇಕರ ಮೋಟಾರ್ ಸೈಕಲ್ ಕೊಟ್ಟಿಗೆಯ ಮೂಲೆ ಸೇರುತ್ತದೆ. ಬಿಸಿಲು ಬಿದ್ದೊಡನೆ ಅಡಿಕೆ ಗೋಣಿ ಹೇರಿಕೊಂಡು ಪೇಟೆಗೆ ಹೊರಡುವ ಆತುರ ನಮ್ಮೆಲ್ಲರಿಗೂ ಇದೆ. ಆದರೆ ಗಾಡಿ ನಿಂತಲ್ಲೇ ಕೆಡುತ್ತದೆಂಬುದನ್ನು ನಾವು ಮರೆಯಬಾರದು.

ಮೊದಲು ಪೆಟ್ರೋಲು. ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ 20ರವರೆಗೆ ಎಥನಾಲ್ ಬೆರೆತಿರುತ್ತದೆ. ಅದು ತೇವವನ್ನು ಹೀರುತ್ತದೆ. ತೇವ ಮಿತಿಮೀರಿದರೆ ನೀರಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಆದುದರಿಂದ ಒಲೆ, ಬೀಡಿಗಳಿಂದ ದೂರದಲ್ಲಿ ಹಳೆಯದನ್ನು ಬಸಿದು ಹೊಸದನ್ನು ತುಂಬುವುದೇ ಲೇಸು. ಏರ್ ಫಿಲ್ಟರಿನ ಡಬ್ಬಿಯಲ್ಲಿ ಇಲಿ ಗೂಡು ಕಟ್ಟಿದೆಯೇ ನೋಡಬೇಕು. 12 ವೋಲ್ಟಿನ ಬ್ಯಾಟರಿ 12.4ಕ್ಕಿಂತ ಕೆಳಗಿಳಿದಿದ್ದರೆ ಚಾರ್ಜು ಮಾಡಿಸಬೇಕು. ಚೈನಿನ ತುಕ್ಕು ಒರೆಸಿ ಎಣ್ಣೆ ಹಚ್ಚಿ, ಟೈರಿಗೆ ಗಾಳಿ ತುಂಬಿಸಬೇಕು.

ಎಂಜಿನನ್ನು ಅಂಗಳದಲ್ಲೇ ಚಾಲೂ ಮಾಡತಕ್ಕದ್ದು. ಮುಚ್ಚಿದ ಕೊಟ್ಟಿಗೆಯಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಬಣ್ಣ, ವಾಸನೆಗಳಿಲ್ಲದೆ ಪ್ರಾಣ ತೆಗೆಯಬಲ್ಲದು.

ಎಲ್ಲಕ್ಕೂ ಮಿಗಿಲಾದುದು ಬ್ರೇಕು. ಗೋಣಿ ಹೇರುವ ಮುನ್ನ ಸಮತಟ್ಟಾದ ಜಾಗದಲ್ಲಿ ಗಾಡಿಯನ್ನು ತಳ್ಳಿ, ಆಮೇಲೆ ನಿಧಾನವಾಗಿ ಓಡಿಸಿ, ಎರಡು ಬ್ರೇಕುಗಳೂ ಹಿಡಿಯುವುವೇ ಎಂದು ಪರೀಕ್ಷಿಸೋಣ. ಎಂಜಿನು ಚಾಲೂ ಆಗದಿದ್ದರೆ ನಾವು ಮನೆಯಲ್ಲೇ ಉಳಿಯುತ್ತೇವೆ. ಗುಡ್ಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯದಿದ್ದರೆ ಮನೆಗೆ ಮರಳುವುದೇ ಕಷ್ಟ.