ಮೆಡಿಕೇರ್ ಇದ್ದರೆ ಎಂಎಸ್ ಡ್ರಿಪ್ ಪುಕ್ಕಟೆಯೇ?

ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ದೇಹದ ರಕ್ಷಣಾ ವ್ಯವಸ್ಥೆಯೇ ಮಿದುಳು ಮತ್ತು ಬೆನ್ನುಹುರಿಯ ನರಗಳ ಹೊದಿಕೆಯನ್ನು ಹಾಳುಗೆಡಹುವ ಕಾಯಿಲೆ. ಅದನ್ನು ಹತೋಟಿಯಲ್ಲಿಡುವ ಕೆಲವು ಔಷಧಗಳನ್ನು ಡ್ರಿಪ್ ಮೂಲಕ ಕೊಡುತ್ತಾರೆ. ಓಕ್ರೆವಸ್ ಆರು ತಿಂಗಳಿಗೊಮ್ಮೆ, ಟೈಸಾಬ್ರಿ ಸಾಮಾನ್ಯವಾಗಿ ನಾಲ್ಕು ವಾರಕ್ಕೊಮ್ಮೆ. 2017ರಲ್ಲಿ ಓಕ್ರೆವಸ್ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅದರ ಬೆಲೆ ವರ್ಷಕ್ಕೆ 65,000 ಡಾಲರ್. ಅಲ್ಲಿನ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಇದರ ಬಹುಪಾಲನ್ನು ಭರಿಸುತ್ತದೆ, ನಿಜ. ಆದರೆ ಉಳಿದ ಪಾಲೂ ಸಣ್ಣದಲ್ಲ.

ತಪ್ಪು ಕಲ್ಪನೆ: ಮೆಡಿಕೇರ್ 65 ದಾಟಿದವರಿಗೆ ಮಾತ್ರ.
ಸತ್ಯ: ಎಂಎಸ್ ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲೇ ಕಾಣಿಸಿಕೊಳ್ಳುತ್ತದೆ. ಕಾಯಿಲೆಯಿಂದ ದುಡಿಯಲಾಗದೆ ಸೋಷಿಯಲ್ ಸೆಕ್ಯುರಿಟಿಯ ಅಂಗವೈಕಲ್ಯ ವಿಮೆಯ ಹಣ ಪಡೆಯುತ್ತಿರುವವರಿಗೆ 24 ತಿಂಗಳ ನಂತರ ಮೆಡಿಕೇರ್ ಸಿಗುತ್ತದೆ.

ತಪ್ಪು ಕಲ್ಪನೆ: ಔಷಧದ ಖರ್ಚಿಗೆ ಈಗ ಮಿತಿ ಇದೆ, 2,100 ಡಾಲರ್ ಕೊಟ್ಟರೆ ಮುಗಿಯಿತು.
ಸತ್ಯ: 2026ರ ಆ ಮಿತಿ ಪಾರ್ಟ್ ಡಿಗೆ, ಅಂದರೆ ಅಂಗಡಿಯಿಂದ ತಂದು ನಾವೇ ತೆಗೆದುಕೊಳ್ಳುವ ಔಷಧಗಳಿಗೆ. ಮನೆಯಲ್ಲೇ ಚುಚ್ಚಿಕೊಳ್ಳುವ ಕೆಸಿಂಪ್ಟಾ ಅದರಡಿ ಬರುತ್ತದೆ. ವೈದ್ಯರ ಬಳಿ ಹಾಕಿಸಿಕೊಳ್ಳುವ ಡ್ರಿಪ್ ಪಾರ್ಟ್ ಬಿಗೆ ಸೇರಿದ್ದು. ಅಲ್ಲಿ 2026ರಲ್ಲಿ ವರ್ಷದ ಮೊದಲ 283 ಡಾಲರ್ ನಿಮ್ಮದು, ಆಮೇಲೆ ಶೇಕಡ 20 ನಿಮ್ಮದು. ವಾರ್ಷಿಕ ಮಿತಿ ಇಲ್ಲ. ಕ್ಲಿನಿಕ್‌ನಲ್ಲಿ ಒಂದು ಡ್ರಿಪ್‌ಗೆ ಮೆಡಿಕೇರ್ ಒಪ್ಪಿದ ದರ 30,000 ಡಾಲರ್ ಎಂದಿಟ್ಟುಕೊಳ್ಳಿ: ನಿಮ್ಮ ಶೇಕಡ 20ರ ಪಾಲೇ 6,000. ವರ್ಷಕ್ಕೆ ಎರಡಾದರೆ 12,000. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಲೆಕ್ಕ ಬೇರೆಯಾಗಬಹುದು.

ತಪ್ಪು ಕಲ್ಪನೆ: ಆ ಶೇಕಡ 20ಕ್ಕೆ ಮೆಡಿಗ್ಯಾಪ್ ಎಂಬ ಖಾಸಗಿ ಪೂರಕ ಪಾಲಿಸಿ ಬೇಕೆಂದಾಗ ಕೊಂಡರಾಯಿತು.
ಸತ್ಯ: ಕಾಯಿಲೆ ಇದ್ದರೂ ನಿರಾಕರಿಸದೆ ಪಾಲಿಸಿ ಕೊಡಲೇಬೇಕಾದ ಅವಧಿ ಸಾಮಾನ್ಯವಾಗಿ ಆರು ತಿಂಗಳು ಮಾತ್ರ. 65 ತುಂಬಿ ಪಾರ್ಟ್ ಬಿ ಶುರುವಾದ ತಿಂಗಳಿನಿಂದ ಅದರ ಎಣಿಕೆ. ಅದು ಕಳೆದರೆ ಬಹುತೇಕ ರಾಜ್ಯಗಳಲ್ಲಿ ಕಂಪನಿ ಬೇಡವೆನ್ನಬಹುದು. 65ಕ್ಕಿಂತ ಚಿಕ್ಕವರಿಗೆ ಮಾರಲೇಬೇಕೆಂಬ ಕೇಂದ್ರ ಕಾನೂನಿಲ್ಲ. ಹಲವು ರಾಜ್ಯಗಳು ಕಡ್ಡಾಯ ಮಾಡಿವೆ.

ತಪ್ಪು ಕಲ್ಪನೆ: ಖಾಸಗಿ ಕಂಪನಿಗಳು ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ ತೆಗೆದುಕೊಂಡರೆ ಚಿಂತೆಯೇ ಇಲ್ಲ.
ಸತ್ಯ: ಖರ್ಚಿಗೆ ಮಿತಿ ಇದೆ, 2026ರಲ್ಲಿ ನೆಟ್‌ವರ್ಕ್‌ನೊಳಗೆ ಅದು 9,250 ಡಾಲರ್ ಮೀರುವಂತಿಲ್ಲ. ಆದರೆ ಕಂಪನಿ ಡ್ರಿಪ್‌ಗೆ ಮೊದಲೇ ಅನುಮತಿ ಬೇಕೆನ್ನಬಹುದು, ಮೊದಲು ಬೇರೆ ಔಷಧ ಹಾಕಿ ನೋಡಿ ಎಂದೂ ಹೇಳಬಹುದು.

ತಪ್ಪು ಕಲ್ಪನೆ: ರೋಗಿಯ ಪಾಲನ್ನು ಭರಿಸುವ ಔಷಧ ಕಂಪನಿಯ ಕೋಪೇ ಕಾರ್ಡ್ ಇದ್ದೇ ಇದೆಯಲ್ಲ.
ಸತ್ಯ: ಸರ್ಕಾರಿ ವಿಮೆಯವರು ಆ ಕಾರ್ಡ್ ಬಳಸುವಂತಿಲ್ಲ, ಲಂಚತಡೆ ಕಾನೂನು ಅಡ್ಡ ಬರುತ್ತದೆ. ಸ್ವತಂತ್ರ ದತ್ತಿ ಸಂಸ್ಥೆಗಳ ನೆರವು ಪಡೆಯಲು ಅಡ್ಡಿಯಿಲ್ಲ.

ತಪ್ಪು ಕಲ್ಪನೆ: ಅಮೆರಿಕದಿಂದ ಊರಿಗೆ ಬಂದಾಗ ಬೆಂಗಳೂರಿನಲ್ಲೇ ಡ್ರಿಪ್ ಹಾಕಿಸಿಕೊಂಡು ಬಿಲ್ ಕಳಿಸಬಹುದು.
ಸತ್ಯ: ಅಮೆರಿಕದ ಹೊರಗಿನ ಇಂಥ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುವುದಿಲ್ಲ. ಡ್ರಿಪ್‌ನ ತಾರೀಖು ನೋಡಿಕೊಂಡು ಟಿಕೆಟ್ ಮಾಡಿಸಿ.

ಡ್ರಿಪ್‌ಗೆ ದಿನ ಗೊತ್ತುಮಾಡುವ ಮೊದಲು ಬಿಲ್ಲಿಂಗ್ ವಿಭಾಗದಲ್ಲಿ ಮೂರು ಮಾತು ಕೇಳಿ: ಇದು ಪಾರ್ಟ್ ಬಿಯೋ ಡಿಯೋ? ಅನುಮತಿ ಬಂದಿದೆಯೇ? ನನ್ನ ಪಾಲೆಷ್ಟು? ಯಾವ ಪಾಲಿಸಿ ಹೊಂದುತ್ತದೆ ಎಂಬ ಗೊಂದಲವಿದ್ದರೆ, ಪ್ರತಿ ರಾಜ್ಯದಲ್ಲೂ ಇರುವ ‘ಶಿಪ್’ ಎಂಬ ಸರ್ಕಾರಿ ನೆರವಿನ ಸಲಹಾ ಸೇವೆ ಉಚಿತವಾಗಿ ದಾರಿ ತೋರಿಸುತ್ತದೆ.