ದೀಪ ಹತ್ತಿದಾಕ್ಷಣ ಸೆನ್ಸರ್ ಬದಲಿಸಬೇಡಿ: ಟರ್ಬೊ ಕಾರಿನವರಿಗೆ ಒಂದಿಷ್ಟು ಮಾಹಿತಿ

ಬೇಸಗೆ ರಜೆ ಬಂತೆಂದರೆ ಅಂಧೇರಿ, ಜೋಗೇಶ್ವರಿ, ಗೋರೆಗಾಂವ್ ಪರಿಸರದ ನಮ್ಮವರ ಕಾರುಗಳು ಊರಿನತ್ತ ಮುಖ ಮಾಡುತ್ತವೆ. ನೇಮ, ಬ್ರಹ್ಮಕಲಶ, ಮದುವೆ, ಗೃಹಪ್ರವೇಶ ಹೀಗೆ ಕಾರಣ ಯಾವುದೇ ಇರಲಿ, ಹಿಂದೆ ರಾತ್ರಿ ಬಸ್ಸಿಗೆ ಕಾಯುತ್ತಿದ್ದ ಎಷ್ಟೋ ಕುಟುಂಬಗಳು ಇಂದು ಸ್ವಂತ ಕಾರಿನಲ್ಲೇ ಹೊರಡುತ್ತವೆ. ಹೊರಡಲು ಎರಡು ದಿನ ಇರುವಾಗ ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡರೆ ಮನೆಯವರಿಗೆ ಆತಂಕವಾಗುವುದು ಸಹಜ. ಗ್ಯಾರೇಜಿಗೆ ಒಯ್ದರೆ, ಸ್ಕ್ಯಾನರ್ ಜೋಡಿಸಿ ನೋಡಿ, "ಆಕ್ಸಿಜನ್ ಸೆನ್ಸರ್ ಹೋಗಿದೆ, ಬದಲಿಸಬೇಕು" ಎನ್ನುತ್ತಾರೆ. ಕೆಲವು ಸಾವಿರ ರೂಪಾಯಿ ಕೊಟ್ಟು ಬದಲಿಸಿದ ಮೇಲೂ ಅರಬೈಲು ಘಟ್ಟದಲ್ಲಿ ಅದೇ ದೀಪ ಮತ್ತೆ ಹತ್ತಿದರೆ ಯಾರನ್ನು ದೂರುವುದು?

ಈ ಸೆನ್ಸರ್ ಏನು ಮಾಡುತ್ತದೆ, ಅದು ನಿಜವಾಗಿ ಕೆಟ್ಟಿದೆಯೇ ಎಂದು ತಿಳಿಯುವುದು ಹೇಗೆ ಎಂಬ ಸಾಮಾನ್ಯ ಜ್ಞಾನವಿದ್ದರೆ ಹಣವೂ ಉಳಿಯುತ್ತದೆ, ಪ್ರಯಾಣವೂ ಸುಗಮವಾಗುತ್ತದೆ.

ತಿರುಪುಳಿಯಿಂದ ಕಂಪ್ಯೂಟರಿಗೆ

ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲೇ ಮುಂಬಯಿಯಲ್ಲಿ ಕಾರು ಕಾರ್ಖಾನೆ ಸ್ಥಾಪಿಸಲು ಶ್ರಮಿಸಿದ್ದರು ಎಂಬುದು ಕನ್ನಡಿಗರು ಹೆಮ್ಮೆಪಡುವ ಸಂಗತಿ. ಅವರೊಂದಿಗೆ ಕೈಜೋಡಿಸಿದ್ದ ವಾಲ್‌ಚಂದ್ ಹೀರಾಚಂದ್ ಅವರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಆ ಕಂಪೆನಿಯ ಪದ್ಮಿನಿ ಕಾರು ಮುಂಬಯಿಯ ಕಾಲಿ-ಪೀಲಿ ಟ್ಯಾಕ್ಸಿಯಾಗಿ 2023ರ ಅಕ್ಟೋಬರ್‌ವರೆಗೂ ರಸ್ತೆಯಲ್ಲಿತ್ತು. ಅದರ ಕಾರ್ಬುರೇಟರಿಗೆ ಪೆಟ್ರೋಲ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ಮಿಸ್ತ್ರಿ ಕಿವಿಯಿಂದ ಕೇಳಿ, ತಿರುಪುಳಿಯಿಂದ ಸರಿಪಡಿಸುತ್ತಿದ್ದ.

ಹೊಗೆ ನಿಯಂತ್ರಣದ ನಿಯಮಗಳು ಬಂದಂತೆ ಆ ಕಾಲ ಮುಗಿಯಿತು. 1995ರಲ್ಲಿ ಮುಂಬಯಿ ಸಹಿತ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕೆಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು. 2010ರಲ್ಲಿ ಮುಂಬಯಿಗೆ ಬಿಎಸ್-4, 2020ರ ಎಪ್ರಿಲ್‌ನಲ್ಲಿ ದೇಶಾದ್ಯಂತ ಬಿಎಸ್-6 ಮಾನದಂಡಗಳು ಬಂದವು. ಇಂದು ಮಿಸ್ತ್ರಿಯ ಕಿವಿಯ ಕೆಲಸವನ್ನು ಹೊಗೆ ಕೊಳವೆಯಲ್ಲಿರುವ ಹೆಬ್ಬೆರಳು ಗಾತ್ರದ ಆಕ್ಸಿಜನ್ ಸೆನ್ಸರ್ ಮಾಡುತ್ತಿದೆ. ಜರ್ಮನಿಯ ಬಾಷ್ ಕಂಪೆನಿ ಇದನ್ನು ತಯಾರಿಸಿದ್ದು, 1976ರಲ್ಲಿ ವೋಲ್ವೊ ಕಾರುಗಳಲ್ಲಿ ಇದರ ಬಳಕೆ ಆರಂಭವಾಯಿತು.

ಸೆನ್ಸರ್ ಎಂಬ ಲೆಕ್ಕ ಪರಿಶೋಧಕ

ಒಂದು ಕಿಲೊ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೊ ಗಾಳಿ ಬೇಕು. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥೆನಾಲ್ ಮಿಶ್ರಿತ ಪೆಟ್ರೋಲಿಗೆ ಸುಮಾರು 13.5 ಕಿಲೊ ಸಾಕು. ಉರಿದ ಮೇಲೆ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಸೆನ್ಸರ್ ನೋಡುತ್ತದೆ. ಅದರೊಳಗಿನ ಜಿರ್ಕೋನಿಯಾ ಪಿಂಗಾಣಿಯ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ ತಾಗುತ್ತದೆ. ಎರಡರ ಆಮ್ಲಜನಕದ ವ್ಯತ್ಯಾಸದಿಂದ ಅಲ್ಪ ವಿದ್ಯುತ್ ಹುಟ್ಟುತ್ತದೆ. ಪೆಟ್ರೋಲ್ ಹೆಚ್ಚಾದರೆ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದರೆ ಸುಮಾರು 0.1 ವೋಲ್ಟ್. ಈ ವರದಿ ನೋಡಿ ಇಂಜಿನ್ ಕಂಪ್ಯೂಟರ್ ಪೆಟ್ರೋಲನ್ನು ಕ್ಷಣ ಕ್ಷಣಕ್ಕೂ ಹೆಚ್ಚು ಕಡಿಮೆ ಮಾಡುತ್ತದೆ. ಪಿಂಗಾಣಿಯು 300 ಡಿಗ್ರಿಗಿಂತ ಹೆಚ್ಚು ಬಿಸಿಯಾದರೆ ಮಾತ್ರ ಸರಿಯಾಗಿ ಕೆಲಸ ಮಾಡುವುದರಿಂದ ಒಳಗೆ ಪುಟ್ಟ ಹೀಟರ್ ಕೂಡಾ ಇರುತ್ತದೆ.

ಸಾಮಾನ್ಯವಾಗಿ ಕಾರಿಗೆ ಇಂತಹ ಎರಡು ಸೆನ್ಸರ್‌ಗಳು. ಕೆಟಲಿಟಿಕ್ ಕನ್ವರ್ಟರಿಗಿಂತ ಮೊದಲಿನದು ಪೆಟ್ರೋಲಿನ ಲೆಕ್ಕ ಇಡುತ್ತದೆ. ನಂತರದ್ದು ಕನ್ವರ್ಟರಿನ ಕೆಲಸವನ್ನು ಪರಿಶೀಲಿಸುತ್ತದೆ. ಬ್ಯಾಂಕಿನಲ್ಲಿ ಸಂಜೆ ಲೆಡ್ಜರ್ ತಾಳೆಯಾಗದಿದ್ದರೆ ತಪ್ಪು ಎಲ್ಲಿದೆಯೆಂದು ಹುಡುಕುತ್ತಾರೆಯೇ ಹೊರತು ಲೆಕ್ಕ ಪರಿಶೋಧಕನನ್ನು ಮನೆಗೆ ಕಳುಹಿಸುವುದಿಲ್ಲ. ಕಾರಿನ ವಿಷಯದಲ್ಲಿ ಮಾತ್ರ ಬಹಳಷ್ಟು ಸಲ ಪರಿಶೋಧಕನಿಗೇ ಶಿಕ್ಷೆಯಾಗುತ್ತದೆ.

ಟರ್ಬೊ ಕಾರಿನ ವಿಶೇಷ

2013ರಲ್ಲಿ ಬಂದ ಪೋಲೊ ಜಿಟಿ ಟಿಎಸ್‌ಐ, ಇಕೋಸ್ಪೋರ್ಟ್ ಇಕೋಬೂಸ್ಟ್, ಬಳಿಕ 2017ರ ನೆಕ್ಸಾನ್, 2019ರ ವೆನ್ಯೂ ಮುಂತಾದವುಗಳಿಂದ ಟರ್ಬೊ ಪೆಟ್ರೋಲ್ ಇಂಜಿನ್ ಮಧ್ಯಮ ವರ್ಗದ ಮನೆಗೂ ಬಂತು. ಹೊರಹೋಗುವ ಹೊಗೆಯ ರಭಸದಿಂದಲೇ ಚಕ್ರವೊಂದನ್ನು ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ತಿರುಗಿಸಿ, ಇಂಜಿನಿಗೆ ಒತ್ತಡದಿಂದ ಗಾಳಿ ತುಂಬುವುದು ಟರ್ಬೊದ ಕೆಲಸ. ಮೊದಲ ಸೆನ್ಸರ್ ಸಾಧಾರಣವಾಗಿ ಟರ್ಬೊದ ಪಕ್ಕದಲ್ಲೇ, ಹೊಗೆ ಹೊರಬರುವ ಬಾಯಲ್ಲಿರುತ್ತದೆ. ಅಲ್ಲಿನ ಉಷ್ಣತೆ ಹೇಳತೀರದು. ಹೀಗಾಗಿ ತಂತಿಯ ಕವಚ ಸುಟ್ಟು ಹೋಗುವುದು, ಕನೆಕ್ಟರ್ ಸಡಿಲವಾಗುವುದು ಇಲ್ಲಿ ಹೆಚ್ಚು.

ಇನ್ನು, ಟರ್ಬೊದ ಆಯಿಲ್ ಸೀಲ್ ಸವೆದು ಎಣ್ಣೆ ಹೊಗೆಯೊಂದಿಗೆ ಸೇರಿದರೆ ಸೆನ್ಸರ್ ಮೇಲೆ ಮಸಿ ಕಟ್ಟುತ್ತದೆ. ಅದನ್ನು ಸರಿಪಡಿಸದೆ ಹೊಸ ಸೆನ್ಸರ್ ಹಾಕಿದರೆ ಅದರ ಗತಿಯೂ ಅಷ್ಟೇ. ಇಂಟರ್‌ಕೂಲರಿನ ರಬ್ಬರ್ ಪೈಪ್ ಬಿರುಕು ಬಿಟ್ಟು ಅಳತೆಯಾದ ಗಾಳಿ ಸೋರಿದರೆ ಪೆಟ್ರೋಲ್ ಹೆಚ್ಚಾಗುತ್ತದೆ. ಸೆನ್ಸರ್ ಅದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತದೆ. ಸೆನ್ಸರಿಗಿಂತ ಮೊದಲು ಹೊಗೆ ಪೈಪಿನ ಗ್ಯಾಸ್ಕೆಟ್ ಸೋರಿದರೆ ಹೊರಗಿನ ಗಾಳಿ ಒಳಸೇರಿ, "ಗಾಳಿ ಹೆಚ್ಚಾಗಿದೆ" ಎಂಬ ಸುಳ್ಳು ಲೆಕ್ಕ ಕಂಪ್ಯೂಟರಿಗೆ ಹೋಗುತ್ತದೆ. ಈ ಮೂರರಲ್ಲಿಯೂ ಸೆನ್ಸರಿನ ತಪ್ಪಿಲ್ಲ.

ಪರೀಕ್ಷೆ ಮೊದಲು, ಖರ್ಚು ನಂತರ

ಸ್ಕ್ಯಾನರ್ ತೋರಿಸುವ ಕೋಡ್ ಸಂಖ್ಯೆಯನ್ನು ಬರೆದುಕೊಳ್ಳುವುದು ಮೊದಲ ಹೆಜ್ಜೆ. ಪಿ0135 ಎಂದರೆ ಮೊದಲ ಸೆನ್ಸರಿನ ಹೀಟರ್ ಸರ್ಕ್ಯೂಟಿನ ದೋಷ, ಪಿ0141 ಎಂದರೆ ಎರಡನೆಯದರದ್ದು. ಆಗ ಮೊದಲು ಫ್ಯೂಸ್, ಬಳಿಕ ಕನೆಕ್ಟರಿಗೆ 12 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಮಲ್ಟಿಮೀಟರಿನಲ್ಲಿ ಹೀಟರ್ ಕೆಲವೇ ಓಮ್ ತೋರಿಸಬೇಕು; ಏನೂ ತೋರಿಸದಿದ್ದರೆ ಹೀಟರ್ ತುಂಡಾಗಿದೆ, ಸೆನ್ಸರ್ ಬದಲಿಸಲೇಬೇಕು. ಪಿ0171 ಎಂದರೆ ಗಾಳಿ ಹೆಚ್ಚು, ಪಿ0172 ಎಂದರೆ ಪೆಟ್ರೋಲ್ ಹೆಚ್ಚು, ಪಿ0420 ಎಂದರೆ ಕನ್ವರ್ಟರಿನ ಸಾಮರ್ಥ್ಯ ಕಡಿಮೆಯಾಗಿದೆ. ಈ ಕೊನೆಯ ಮೂರು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿದೆ ಎಂದರ್ಥವಲ್ಲ.

ಎರಡನೆಯದು, "ಫ್ಯುಯೆಲ್ ಟ್ರಿಮ್". ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚಿಸಿದೆ ಅಥವಾ ಕಡಿತ ಮಾಡಿದೆ ಎಂಬ ಈ ಅಂಕಿ ಅದೇ ಸ್ಕ್ಯಾನರಿನಲ್ಲಿ ಕಾಣುತ್ತದೆ. ಅದು ಹತ್ತರೊಳಗಿದ್ದರೆ ಹೆಚ್ಚಿನ ಚಿಂತೆಯಿಲ್ಲ. ನಿಂತಲ್ಲಿ ಇಂಜಿನ್ ಓಡುವಾಗ ತುಂಬಾ ಹೆಚ್ಚಿದ್ದು, 2500 ಸುತ್ತಿಗೆ ಏರಿಸಿದಾಗ ಸರಿಯಾದರೆ ಇಂಜಿನ್ ಎಲ್ಲೋ ಹೊರಗಿನ ಗಾಳಿ ಎಳೆಯುತ್ತಿದೆ ಎಂದು ಸಂಶಯಿಸಬೇಕು.

ಮೂರನೆಯದು, ಕನ್ವರ್ಟರಿಗಿಂತ ಮೊದಲಿನದು ನಾಲ್ಕು ತಂತಿಯ ಸಾಮಾನ್ಯ ಸೆನ್ಸರಾದರೆ ಬಿಸಿಯಾದ ಬಳಿಕ ಅದರ ವೋಲ್ಟೇಜ್ ಬೇಗ ಬೇಗನೆ ಮೇಲೆ ಕೆಳಗೆ ಆಗುತ್ತಿರಬೇಕು. ಒಂದೇ ಕಡೆ ನಿಂತಿದ್ದರೆ ಸೆನ್ಸರ್ ಮುದಿಯಾಗಿರಬಹುದು. ಐದು-ಆರು ತಂತಿಯ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಪರೀಕ್ಷೆ ಅನ್ವಯಿಸದು; ಅದನ್ನು ಸ್ಕ್ಯಾನರಿನಲ್ಲೇ ಓದಬೇಕು.

ನಿಜವಾಗಿ ಕೆಟ್ಟಿದ್ದರೆ ತಡ ಬೇಡ

ಹಾಗೆಂದು "ಗಾಡಿ ಓಡುತ್ತಿದೆಯಲ್ಲ" ಎಂದು ತಿಂಗಳುಗಟ್ಟಲೆ ಸುಮ್ಮನಿರುವುದೂ ನಷ್ಟದ ಬಾಬ್ತು. ಸೆನ್ಸರ್ ಕೆಟ್ಟರೆ ಕಂಪ್ಯೂಟರ್ ಅಂದಾಜಿನ ಮೇಲೆ ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಇಳಿಯುತ್ತದೆ, ಸೈಲೆನ್ಸರ್ ಬಾಯಿ ಕಪ್ಪಾಗುತ್ತದೆ, ಟರ್ಬೊದ ಬಲ ಕುಗ್ಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಕನ್ವರ್ಟರಿನದು. ಉರಿಯದ ಪೆಟ್ರೋಲ್ ಅದರೊಳಗೆ ಹೊತ್ತಿ, ಜೇನುಗೂಡಿನಂತಿರುವ ಭಾಗ ಕರಗಬಹುದು. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪನವಿರುವ ಈ ಕನ್ವರ್ಟರಿನ ಬೆಲೆ ಸೆನ್ಸರಿನ ಹಲವು ಪಟ್ಟು. ದೀಪ ಸ್ಥಿರವಾಗಿ ಹತ್ತಿದ್ದರೆ ನಿಧಾನವಾಗಿ ಗ್ಯಾರೇಜು ಸೇರಬಹುದು. ಮಿನುಗುತ್ತಿದ್ದರೆ ಇಂಜಿನ್ ಮಿಸ್‌ಫೈರ್ ಆಗುತ್ತಿದೆ ಎಂದರ್ಥ, ಗಾಡಿಯನ್ನು ಬದಿಗೆ ನಿಲ್ಲಿಸುವುದೇ ಕ್ಷೇಮ.

ಬಿಎಸ್-4 ಮತ್ತು ನಂತರದ ಪೆಟ್ರೋಲ್ ಕಾರುಗಳ ಪಿಯುಸಿ ಪರೀಕ್ಷೆಯಲ್ಲಿ ಇಂಜಿನ್ ನಿಧಾನವಾಗಿ ಓಡುವಾಗ ಕಾರ್ಬನ್ ಮೊನಾಕ್ಸೈಡ್ ಶೇ. 0.3 ಮೀರುವಂತಿಲ್ಲ. ಸೆನ್ಸರ್ ಕೆಟ್ಟ ಗಾಡಿ ಇಲ್ಲಿ ಎಡವುವ ಸಂಭವ ಹೆಚ್ಚು.

ಬದಲಿಸುವಾಗ ಗಮನಿಸಬೇಕಾದುದು

ವಾರಂಟಿ ಇದ್ದರೆ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಹೋಗುವುದು ಲೇಸು. ಹೊರಗೆ ಮಾಡಿಸುವುದಾದರೆ ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಖಚಿತಪಡಿಸಿಕೊಳ್ಳಬೇಕು. ಒಪೇರಾ ಹೌಸ್ ಪರಿಸರದ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡರೂ ಬಿಲ್ ಪಡೆಯಲು ಮರೆಯಬಾರದು. ಮೊದಲ ಸೆನ್ಸರೋ ಎರಡನೆಯದೋ ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಂಡರೆ ಒಳ್ಳೆಯದು.

ಇಂಜಿನ್ ಕೈಗೆ ತಾಳುವಷ್ಟು ತಣಿದ ಮೇಲೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸೆನ್ಸರಿನ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾಯಬೇಕು. ತಂತಿ ಹೊರಬರಲು ಸೀಳಿರುವ 22 ಮಿ.ಮೀ. ಸಾಕೆಟ್ ಬಳಸಿದರೆ ಮರೆ ಕೆಡದು. ಹೊಸ ಸೆನ್ಸರಿನ ತುದಿಯನ್ನು ಮುಟ್ಟಬಾರದು. ಕೆಳಗೆ ಬಿದ್ದ ಸೆನ್ಸರನ್ನು ಹಾಕಿಸಬಾರದು, ಒಳಗಿನ ಪಿಂಗಾಣಿ ಒಡೆದಿರಬಹುದು. ಮರೆಗೆ ಹಚ್ಚುವ ಪೇಸ್ಟ್ ಹೆಚ್ಚಾಗಿ ಕಂಪೆನಿಯಿಂದಲೇ ಬಂದಿರುತ್ತದೆ. ಸಿಲಿಕೋನ್ ಸೀಲಂಟ್ ಸೆನ್ಸರಿಗೆ ವಿಷವಿದ್ದಂತೆ. ಸಾಮಾನ್ಯವಾಗಿ 40ರಿಂದ 50 ನ್ಯೂಟನ್ ಮೀಟರ್ ಬಿಗಿ ಸಾಕು. ಕಾರಿನ ಮ್ಯಾನುವಲ್ ಹೇಳಿದ್ದೇ ಅಂತಿಮ.

ಕಡಿಮೆ ಬೆಲೆಯ ಸೆನ್ಸರ್ ತಂದು ಹಳೆಯ ತಂತಿಗೆ ಬೆಸುಗೆ ಹಾಕಿಸುವುದು ಸಲ್ಲದು. ಅನೇಕ ಸೆನ್ಸರ್‌ಗಳು ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಪಡೆಯುತ್ತವೆ. ಬೆಸುಗೆ ಆ ದಾರಿಯನ್ನು ಮುಚ್ಚುತ್ತದೆ. ತಂತಿಯನ್ನು ಮೊದಲಿದ್ದ ಕ್ಲಿಪ್ಪಿನಲ್ಲೇ ಸಿಕ್ಕಿಸಿ ಟರ್ಬೊದಿಂದ ದೂರವಿಡಬೇಕು. ಕೋಡ್ ಅಳಿಸಿದ ಬಳಿಕ ಒಂದೆರಡು ದಿನ ಓಡಿಸಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಿದರೆ ಮಾತ್ರ ಕೆಲಸ ಮುಗಿದಂತೆ.

ಅಂಧೇರಿಯವರಿಗೆ ಇನ್ನೊಂದು ಮಾತು. ಜೋರು ಮಳೆಗೆ ಅಂಧೇರಿ ಸಬ್‌ವೇಯಲ್ಲಿ ನೀರು ತುಂಬುವುದು ಎಲ್ಲರಿಗೂ ತಿಳಿದದ್ದೇ. ಕಾದ ಸೆನ್ಸರಿಗೆ ತಣ್ಣೀರು ತಾಗಿದರೆ ಪಿಂಗಾಣಿ ಬಿರಿಯಬಹುದು. ವರ್ಸೋವಾ ಕಡೆಯ ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ನುಗಳು ತುಕ್ಕು ಹಿಡಿಯುತ್ತವೆ. ಮಳೆಗಾಲದ ಬಳಿಕ ಒಮ್ಮೆ ಪರೀಕ್ಷಿಸಿಕೊಳ್ಳುವುದು ಉತ್ತಮ.

ನಮ್ಮ ಸಂಘ-ಸಂಸ್ಥೆಗಳು ನೇತ್ರ ತಪಾಸಣೆ, ರಕ್ತದಾನ ಶಿಬಿರಗಳನ್ನು ನಡೆಸಿಕೊಂಡು ಬಂದಿವೆ. ರಜೆಗೆ ಮುನ್ನ ಒಂದು ರವಿವಾರ ಬೆಳಿಗ್ಗೆ ಅನುಭವಿ ಮೆಕ್ಯಾನಿಕ್ ಒಬ್ಬರನ್ನು ಕರೆಸಿ, ಒಂದು ಸ್ಕ್ಯಾನರ್ ಇಟ್ಟು ಸದಸ್ಯರ ಕಾರುಗಳನ್ನು ತಪಾಸಣೆ ಮಾಡಿಸಿದರೆ ಹೆಚ್ಚಿನ ಖರ್ಚೇನೂ ಬಾರದು. ಮಕ್ಕಳು, ವೃದ್ಧರನ್ನು ಕೂರಿಸಿಕೊಂಡು ರಾತ್ರಿ ಘಟ್ಟ ಇಳಿಯುವ ಕುಟುಂಬಗಳಿಗೆ ಅದರಿಂದ ದೊಡ್ಡ ಉಪಕಾರವಾದೀತು.