ಜರ್ಮನಿಯ ನೀರು, ನಮ್ಮೂರ ಸೋಪು

ಕಾಸರಗೋಡಿನ ನಮ್ಮ ಕಡೆ ಒಂದು ಕಾಲದಲ್ಲಿ ಹೊರದೇಶ ಅಂದರೆ ಗಲ್ಫ್ ಅಂತಲೇ ಅರ್ಥ. ಈಗ ನರ್ಸಿಂಗ್ ಕಲಿತ ಅಕ್ಕಂದಿರು, ಅಣ್ಣಂದಿರು ಜರ್ಮನಿಗೂ ಹೋಗ್ತಾ ಇದ್ದಾರೆ. ಕೇರಳದ ನೋರ್ಕಾ ರೂಟ್ಸ್ ಸಂಸ್ಥೆ ‘ಟ್ರಿಪಲ್ ವಿನ್’ ಎಂಬ ಯೋಜನೆಯಲ್ಲಿ ನರ್ಸುಗಳನ್ನು ಅಲ್ಲಿಗೆ ಕಳಿಸುತ್ತದೆ. ಹೋಗುವ ಮೊದಲು ಜರ್ಮನ್ ಭಾಷೆ ಕಲಿಯಬೇಕು, ಪರೀಕ್ಷೆ ಪಾಸಾಗಬೇಕು. ಆದರೆ ಅಲ್ಲಿಯ ಬಾಡಿಗೆ ಮನೆಯಲ್ಲಿ ಬಟ್ಟೆ ಒಗೆಯುವುದು, ಬಚ್ಚಲು ತೊಳೆಯುವುದು ಹೇಗೆ? ಅದರಲ್ಲಿ ಕಲಿಯುವುದಕ್ಕೆ ಎಂತ ಉಂಟು ಅಂತ ಕೇಳಬೇಡಿ. ನೀವು ಹೈಸ್ಕೂಲಿನಲ್ಲಿ ಓದುವ ರಸಾಯನ ವಿಜ್ಞಾನ, ಭೌತ ವಿಜ್ಞಾನ ಎರಡೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಒಂದು ಕಡೆಯಂತೂ ಜೀವ ಉಳಿಸುವ ಮಾತೇ ಉಂಟು. ಒಂದೊಂದಾಗಿ ನೋಡೋಣ.

ನೊರೆ ಯಾಕೆ ಬರುವುದಿಲ್ಲ?

ನಮ್ಮ ಬಾವಿಯ ನೀರು, ಸುರಂಗದ ನೀರು ಮುರಕಲ್ಲಿನ ಮೂಲಕ ಇಳಿದು ಬಂದದ್ದು. ಮುರಕಲ್ಲಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಜಾಸ್ತಿ, ಸುಣ್ಣದ ಅಂಶ ಬಹಳ ಕಡಿಮೆ. ಹಾಗಾಗಿ ನಮ್ಮದು ಸಾಮಾನ್ಯವಾಗಿ ಮೆದು ನೀರು. ಚೂರು ಸೋಪು ತಿಕ್ಕಿದರೂ ಕೈತುಂಬ ನೊರೆ.

ಜರ್ಮನಿಯ ದಕ್ಷಿಣದ ದೊಡ್ಡ ನಗರ ಮ್ಯೂನಿಕ್. ಅದಕ್ಕೆ ನೀರು ಬರುವುದು ಆಲ್ಪ್ಸ್ ಪರ್ವತದ ಬುಡದ ಕಡೆಯಿಂದ. ಅಲ್ಲಿ ನೆಲದಡಿ ಸುಣ್ಣಕಲ್ಲಿನ ಜಲ್ಲಿ ತುಂಬಿದೆ. ಮಳೆನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡು ಆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು ಬರುತ್ತದೆ. ನಲ್ಲಿಯಲ್ಲಿ ಬರುವ ನೀರು ಕುಡಿಯಲಿಕ್ಕೆ ಒಳ್ಳೆಯದೇ. ಆದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಅದೇ ಗಡಸು ನೀರು.

ಸೋಪು ಅಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ಗಡಸು ನೀರಿಗೆ ಬಿದ್ದ ಕೂಡಲೇ ಸೋಡಿಯಂನ ಜಾಗಕ್ಕೆ ಕ್ಯಾಲ್ಸಿಯಂ ಬಂದು ಕೂರುತ್ತದೆ. ಆಗ ಉಂಟಾಗುವ ಕ್ಯಾಲ್ಸಿಯಂ ಸೋಪು ನೀರಿನಲ್ಲಿ ಕರಗುವುದಿಲ್ಲ, ಬಿಳಿ ಗಷ್ಟಾಗಿ ಬಟ್ಟೆಗೆ ಅಂಟಿಕೊಳ್ಳುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ ಎಲ್ಲ ಖರ್ಚಾದ ಮೇಲೆಯೇ ನೊರೆ ಶುರು. ಊರಿಂದ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಹೋದ ಸೋಪು ಅಲ್ಲಿ ಬೇಗ ಕರಗಿ ಹೋಗುವುದು ಇದಕ್ಕೇ.

ಜರ್ಮನಿಯಲ್ಲಿ ನೀರಿನ ಗಡಸುತನವನ್ನು ‘ಜರ್ಮನ್ ಡಿಗ್ರಿ’ಯಲ್ಲಿ ಅಳೆಯುವ ರೂಢಿ ಉಂಟು. ಒಂದು ಲೀಟರಿನಲ್ಲಿ 10 ಮಿಲಿಗ್ರಾಂ ಕ್ಯಾಲ್ಸಿಯಂ ಆಕ್ಸೈಡಿಗೆ ಸಮನಾದ ಗಡಸುತನ ಇದ್ದರೆ 1 ಡಿಗ್ರಿ. 8.4ಕ್ಕಿಂತ ಕಡಿಮೆ ಇದ್ದರೆ ಮೆದು, 8.4ರಿಂದ 14ರವರೆಗೆ ಮಧ್ಯಮ, 14ಕ್ಕಿಂತ ಹೆಚ್ಚಾದರೆ ಗಡಸು. ಮ್ಯೂನಿಕ್ ನೀರು ಮೂರನೆಯ ಗುಂಪಿನದ್ದು. ಬಟ್ಟೆ ಪುಡಿಯ ಪೊಟ್ಟಣದ ಮೇಲೆ ಒಂದು ಕೋಷ್ಟಕ ಇರುತ್ತದೆ: ಯಾವ ನೀರಿಗೆ, ಎಷ್ಟು ಕೊಳೆಗೆ, ಎಷ್ಟು ಪುಡಿ ಅಂತ. ಗಣಿತದ ಪುಸ್ತಕದಲ್ಲಿ ಕೋಷ್ಟಕ ಓದಲಿಕ್ಕೆ ಕಲಿಸುತ್ತೇವಲ್ಲ, ಇಲ್ಲಿ ಅದರ ಉಪಯೋಗ.

ಕೆಟಲಿನ ಒಳಗಿನ ಸುಣ್ಣ

ಗಡಸು ನೀರನ್ನು ದಿನಾ ಕುದಿಸಿದರೆ ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಕರಗಿದ್ದ ಕ್ಯಾಲ್ಸಿಯಂ ಬೈಕಾರ್ಬನೇಟು ಬಿಸಿಗೆ ಒಡೆದು ಕ್ಯಾಲ್ಸಿಯಂ ಕಾರ್ಬನೇಟು ಆಗುತ್ತದೆ. ಅಂದರೆ ಕಲ್ಲು ಮತ್ತೆ ಕಲ್ಲೇ ಆಯಿತು. ಇದು ಮೆಷಿನಿನ ಹೀಟರಿನ ಮೇಲೂ ಕೂರುತ್ತದೆ.

ಇದನ್ನು ತೆಗೆಯುವುದು ಹೇಗೆ? ನಮ್ಮಲ್ಲಿ ಹಿತ್ತಾಳೆ ಪಾತ್ರೆಗೆ ಹುಣಸೆಹುಳಿ ತಿಕ್ಕುವ ಹಾಗೆ, ಇಲ್ಲಿಯೂ ಹುಳಿಯೇ ಬೇಕು. ವಿನೆಗರ್ ಅಥವಾ ಸಿಟ್ರಿಕ್ ಆಮ್ಲ ಹಾಕಿಟ್ಟರೆ ಗುಳ್ಳೆ ಏಳುತ್ತಾ ಸುಣ್ಣ ಕರಗುತ್ತದೆ. ಒಂದು ಸಣ್ಣ ಎಚ್ಚರ: ಸಿಟ್ರಿಕ್ ಆಮ್ಲವನ್ನು ತಣ್ಣೀರಿನಲ್ಲೇ ಬಳಸಬೇಕು. ಕುದಿಸಿದರೆ ಕ್ಯಾಲ್ಸಿಯಂ ಸಿಟ್ರೇಟು ಎಂಬ ಬೇರೆಯೇ ಬಿಳಿ ಗಷ್ಟು ಕೂತುಬಿಡುತ್ತದೆ.

ಮೆಷಿನಿಗೆ ಎಷ್ಟು ಡಿಗ್ರಿ?

ಅಲ್ಲಿಯ ಮೆಷಿನುಗಳಿಗೆ ಸಾಮಾನ್ಯವಾಗಿ ಮುಂದೆ ಬಾಗಿಲು. ತಣ್ಣೀರು ಒಳಗೆ ತೆಗೆದುಕೊಂಡು ತಾನೇ ಕಾಯಿಸುತ್ತದೆ: 30, 40, 60 ಡಿಗ್ರಿ ಸೆಲ್ಸಿಯಸ್. ದಿನದ ಬಟ್ಟೆಗೆ 30 ಅಥವಾ 40 ಸಾಕು. ಪುಡಿಯಲ್ಲಿರುವ ಕಿಣ್ವಗಳು ಆ ಬಿಸಿಯಲ್ಲೇ ಚೆನ್ನಾಗಿ ಕೆಲಸ ಮಾಡುತ್ತವೆ. ಪ್ರೋಟಿಯೇಸ್ ರಕ್ತ, ಹಾಲಿನ ಕಲೆಯನ್ನು ಒಡೆಯುತ್ತದೆ, ಅಮೈಲೇಸ್ ಗಂಜಿಯನ್ನು, ಲೈಪೇಸ್ ತಲೆದಿಂಬಿಗೆ ಹತ್ತಿದ ತೆಂಗಿನೆಣ್ಣೆಯನ್ನು. ನಿಮ್ಮ ಹೊಟ್ಟೆಯಲ್ಲಿ ಊಟ ಜೀರ್ಣವಾಗುವುದೂ ಇದೇ ಜಾತಿಯ ಕಿಣ್ವಗಳಿಂದ. ಬಟ್ಟೆಪುಡಿಗೆ ಕಿಣ್ವ ಸೇರಿಸುವ ವಿಧಾನಕ್ಕೆ ಜರ್ಮನಿಯ ರಸಾಯನ ವಿಜ್ಞಾನಿ ಓಟೋ ರೋಮ್ 1913ರಲ್ಲೇ ಪೇಟೆಂಟ್ ಪಡೆದಿದ್ದರು. ಆದರೆ ಉಣ್ಣೆಯ ಸ್ವೆಟರಿಗೆ ಈ ಪುಡಿ ಬೇಡ. ಉಣ್ಣೆಯೂ ಪ್ರೋಟೀನೇ ಅಲ್ವಾ? ಕಲೆಯ ಜೊತೆ ಸ್ವೆಟರನ್ನೂ ಹಾಳು ಮಾಡೀತು.

ಅರಸಿನದ ಕಲೆ ಇನ್ನೊಂದು ಕತೆ. ಸೋಪು ತಾಗಿದರೆ ಅದು ಕೆಂಪಾಗುತ್ತದೆ; ಪ್ರತ್ಯಾಮ್ಲಕ್ಕೆ ಅರಸಿನ ಸೂಚಕ ಅಂತ ನೀವು ಓದಿದ್ದೀರಿ. ಊರಿನಲ್ಲಿ ಅಂಗಳದ ಬಿಸಿಲಿಗೆ ಹಾಕಿದರೆ ಬಣ್ಣ ತಾನಾಗಿ ಮಾಸುತ್ತದೆ, ಯಾಕೆಂದರೆ ಬೆಳಕು ಕುರ್ಕುಮಿನನ್ನು ಒಡೆಯುತ್ತದೆ. ಜರ್ಮನಿಯ ಚಳಿಗಾಲದಲ್ಲಿ ಅಂಥ ಬಿಸಿಲು ಎಲ್ಲಿಂದ ತರುವುದು?

ಬಟ್ಟೆಯ ಒಳಬದಿಯ ಚೀಟಿಯನ್ನೂ ನೋಡಿ. ನೀರಿನ ತೊಟ್ಟಿಯ ಚಿತ್ರದೊಳಗೆ 40 ಅಂತ ಇದ್ದರೆ 40 ಡಿಗ್ರಿಯೇ ಮಿತಿ. ತೊಟ್ಟಿಯಲ್ಲಿ ಕೈ ಇದ್ದರೆ ಕೈಯಲ್ಲೇ ಒಗೆಯಬೇಕು. ತ್ರಿಕೋನ ಬ್ಲೀಚಿಗೆ, ಅದರ ಮೇಲೆ ಅಡ್ಡಗೀಟು ಇದ್ದರೆ ಬ್ಲೀಚ್ ಕೂಡದು. ಈ ಚಿಹ್ನೆಗಳನ್ನು ನೋಡಿಕೊಳ್ಳುವ ಜಿನೆಟೆಕ್ಸ್ ಎಂಬ ಸಂಸ್ಥೆ 1963ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿತು. ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಇರುವ ನಮ್ಮಂಥ ಗಡಿಯವರಿಗೆ ಇಂಥ ಚಿಹ್ನೆಯ ಬೆಲೆ ಬೇಗ ಅರ್ಥವಾಗುತ್ತದೆ.

ಒಣಗಿಸುವುದೇ ದೊಡ್ಡ ಕೆಲಸ

ಮೆಷಿನು ಎಷ್ಟೇ ಹಿಂಡಿದರೂ 5 ಕಿಲೋ ಬಟ್ಟೆಯಲ್ಲಿ ಸುಮಾರು ಎರಡೂವರೆ ಲೀಟರ್ ನೀರು ಉಳಿಯುತ್ತದೆ. ಚಳಿಗಾಲದಲ್ಲಿ ಕಿಟಕಿ ಮುಚ್ಚಿ ಕೋಣೆಯೊಳಗೆ ಒಣಗಿಸಿದರೆ ಅಷ್ಟೂ ನೀರು ಕೋಣೆಯ ಗಾಳಿಗೆ ಸೇರುತ್ತದೆ. 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು 17 ಗ್ರಾಂ ಆವಿಯನ್ನು ಹಿಡಿದುಕೊಳ್ಳಬಲ್ಲದು. 0 ಡಿಗ್ರಿಯ ಗಾಳಿಗೆ ಸಾಧ್ಯವಿರುವುದು ಸುಮಾರು 5 ಗ್ರಾಂ ಮಾತ್ರ. ತೇವದ ಗಾಳಿ ತಣ್ಣಗಿನ ಗೋಡೆಗೆ ತಾಗಿದರೆ ಹೆಚ್ಚಾದ ಆವಿ ಅಲ್ಲೇ ನೀರಾಗುತ್ತದೆ, ಆಮೇಲೆ ಅಲ್ಲಿ ಕಪ್ಪು ಬೂಸ್ಟು. ನಮ್ಮಲ್ಲಿ ಆಟಿ ತಿಂಗಳಲ್ಲಿ ಚಪ್ಪಲಿಗೆ, ಬೆಲ್ಟಿಗೆ ಹಿಡಿಯುವಂಥದ್ದೇ.

ಅದಕ್ಕೆ ಜರ್ಮನರು ದಿನಕ್ಕೆ ಕೆಲವು ಸಲ ಕಿಟಕಿಗಳನ್ನು ಪೂರ್ತಿ ತೆರೆದು 5-10 ನಿಮಿಷ ಬಿಡುತ್ತಾರೆ, ಚಳಿ ಇದ್ದರೂ. ಒಳಗಿನ ತೇವದ ಗಾಳಿ ಹೊರಗೆ, ಹೊರಗಿನ ತಣ್ಣನೆಯ ಗಾಳಿ ಒಳಗೆ. ಹೊರಗಿನ ಗಾಳಿಯಲ್ಲಿ ಆವಿ ಕಡಿಮೆ. ಅದು ಒಳಗೆ ಬಂದು ಬೆಚ್ಚಗಾದರೆ ಮತ್ತಷ್ಟು ಆವಿಯನ್ನು ಹೀರಿಕೊಳ್ಳುತ್ತದೆ. ‘ಚಳಿಗೆ ಕಿಟಕಿ ಯಾಕೆ ತೆಗೀತಾರೆ’ ಎಂಬ ಪ್ರಶ್ನೆಗೆ ಉತ್ತರ ಇದೇ.

ಬಚ್ಚಲಿನ ವಿಷಯ ಬೇರೆ. ನಾವು ಬಕೆಟಿನಿಂದ ನೀರು ಹೊಯ್ದು ಹಿಡಿಸೂಡಿಯಲ್ಲಿ ತಿಕ್ಕುತ್ತೇವೆ. ಅಲ್ಲಿಯ ಎಷ್ಟೋ ಬಚ್ಚಲುಗಳಲ್ಲಿ ಶವರಿನ ಜಾಗ ಬಿಟ್ಟರೆ ನೆಲದಲ್ಲಿ ನೀರು ಹೋಗುವ ತೂತೇ ಇರುವುದಿಲ್ಲ. ಹೊಯ್ದ ನೀರು ಕೆಳಗಿನ ಮನೆಯವರ ಮಾಡಿಗೆ ಇಳಿದೀತು! ಒದ್ದೆ ಬಟ್ಟೆಯಲ್ಲಿ ಒರೆಸುವುದೇ ಕ್ರಮ.

ಬೆರೆಸಬಾರದ್ದನ್ನು ಬೆರೆಸಬೇಡಿ

ಈ ಭಾಗವನ್ನು ಎರಡು ಸಲ ಓದಿ. ಮನೆಯಲ್ಲಿ ಅಮ್ಮನಿಗೂ ಓದಿ ಹೇಳಿ.

ಸುಣ್ಣ ತೆಗೆಯುವ ದ್ರವ ಆಮ್ಲ. ಜರ್ಮನಿಯಲ್ಲಿ ಅದರ ಹೆಸರು ‘ಎಂಟ್‌ಕಾಲ್ಕರ್’. ಬ್ಲೀಚಿನಲ್ಲಿರುವುದು ಸೋಡಿಯಂ ಹೈಪೋಕ್ಲೋರೈಟ್. ಅಲ್ಲಿ ‘ಕ್ಲೋರ್‌ರೈನಿಗರ್’ ಅಂತ ಬರೆದಿರುತ್ತದೆ. ಒಂದರಿಂದ ಹೋಗದ ಕಲೆ ಎರಡೂ ಸೇರಿದರೆ ಹೋದೀತು ಅಂತ ಯಾರಿಗಾದರೂ ಅನಿಸಬಹುದು. ಆದರೆ ಇವೆರಡು ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಕಣ್ಣು, ಗಂಟಲು ಉರಿದು, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಚಳಿಗೆ ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಜೀವಕ್ಕೇ ಅಪಾಯ. ಅಮೋನಿಯಾ ಇರುವ ದ್ರವಕ್ಕೆ ಬ್ಲೀಚ್ ಬೆರೆಸಿದರೆ ಕ್ಲೋರಮೈನ್ ಎಂಬ ಇನ್ನೊಂದು ವಿಷಾನಿಲ ಬರುತ್ತದೆ.

ಇದು ಜರ್ಮನಿಗೆ ಮಾತ್ರ ಸಂಬಂಧಪಟ್ಟ ಮಾತಲ್ಲ. ನಮ್ಮ ಕಕ್ಕಸು ತೊಳೆಯುವ ಎಷ್ಟೋ ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಉಂಟು. ಅದರ ಮೇಲೆ ಬ್ಲೀಚಿಂಗ್ ಪೌಡರ್ ಉದುರಿಸಿದರೂ ಕ್ಲೋರಿನ್ನೇ ಬರುವುದು. ತಪ್ಪಿ ಬೆರೆತರೆ ನಿಂತು ನೋಡಬೇಡಿ. ಕೂಡಲೇ ಹೊರಗೆ ಬನ್ನಿ, ಬೇರೆಯವರನ್ನೂ ಕರೆದು ತನ್ನಿ, ಶುದ್ಧ ಗಾಳಿಗೆ ನಿಲ್ಲಿ. ಉಸಿರು ಕಷ್ಟವಾದರೆ 112ಕ್ಕೆ ಕರೆಮಾಡಿ. ಈ ತುರ್ತು ಸಂಖ್ಯೆ ಇಲ್ಲಿಯೂ ಉಂಟು, ಜರ್ಮನಿಯಲ್ಲಿಯೂ ಉಂಟು. ಭಾಷೆ ಬಾರದಿದ್ದರೆ ಬಾಟಲಿಯ ಮೇಲಿನ ಕೆಂಪು ಅಂಚಿನ ಚೌಕವನ್ನು ನೋಡಿ. ಅದರಲ್ಲಿ ಕೈಯ ಮೇಲೆ ದ್ರವ ಬಿದ್ದು ಕೈ ತಿಂದುಹೋಗುವ ಚಿತ್ರ ಇದ್ದರೆ ಅದು ಚರ್ಮ ಸುಡುವ ವಸ್ತು.

ನೀವೇ ಮಾಡಿ ನೋಡಿ

ಬೇಕಾದದ್ದು: ಮುಚ್ಚಳ ಇರುವ ಒಂದೇ ಅಳತೆಯ ನಾಲ್ಕು ಬಾಟಲಿ, ಡ್ರಾಪರ್, ಮೈಗೆ ಹಚ್ಚುವ ಸೋಪು. ಶಾಂಪೂ, ಬಟ್ಟೆಪುಡಿ ಆಗದು. ಅವು ಗಡಸು ನೀರಿನಲ್ಲೂ ನೊರೆ ಕೊಡುತ್ತವೆ.

1. ಸೋಪನ್ನು ತುರಿದು ಬಿಸಿ ಮಳೆನೀರಿನಲ್ಲಿ ಕರಗಿಸಿ ಇಡಿ.
2. ಬಾಟಲಿಗಳಿಗೆ ಮಳೆನೀರು, ಬಾವಿನೀರು, ಬೋರ್‌ವೆಲ್ ನೀರು 50 ಮಿಲಿಲೀಟರಿನಂತೆ ಹಾಕಿ. ನಾಲ್ಕನೆಯದಕ್ಕೆ ಅಷ್ಟೇ ಮಳೆನೀರು ಹಾಕಿ, ಟೀಚರನ್ನು ಕೇಳಿ ಒಂದು ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡು ಸೇರಿಸಿ.
3. ಸೋಪಿನ ದ್ರಾವಣ ಒಂದೊಂದೇ ಹನಿ ಹಾಕಿ ಕುಲುಕಿ. ನೊರೆ ಒಂದು ನಿಮಿಷ ನಿಲ್ಲಲಿಕ್ಕೆ ಎಷ್ಟು ಹನಿ ಬೇಕಾಯಿತು? ಬರೆದಿಡಿ.
4. ಹೊಸದಾಗಿ ಮಾಡಿದ ನಾಲ್ಕನೆಯ ನೀರಿಗೆ ವಾಷಿಂಗ್ ಸೋಡಾ ಹಾಕಿ, ತಿಳಿಯಾದ ಮೇಲೆ ಮೇಲಿನ ನೀರನ್ನು ಮಾತ್ರ ತೆಗೆದು ಮತ್ತೆ ಪರೀಕ್ಷಿಸಿ. ಹನಿ ಯಾಕೆ ಕಡಿಮೆಯಾಯಿತು?

ಕಾಸರಗೋಡಿನ ಮುರಕಲ್ಲು, ಸೋಲಾಪುರ-ಅಕ್ಕಲಕೋಟೆಯ ಕಪ್ಪುಕಲ್ಲು, ರಾಯದುರ್ಗ-ಮಡಕಶಿರದ ಆಳದ ಬೋರ್‌ವೆಲ್, ನೀಲಗಿರಿಯ ತೊರೆ: ನಮ್ಮ ಪತ್ರಿಕೆ ಓದುವ ಶಾಲೆಗಳ ನೀರು ಒಂದೇ ತರ ಇರಲಿಕ್ಕಿಲ್ಲ. ನಿಮ್ಮ ಹನಿಗಳ ಲೆಕ್ಕವನ್ನು, ನೀರು ತಂದ ಜಾಗವನ್ನು, ತಾರೀಕನ್ನು ಬರೆದು ನಿಮ್ಮ ವಿಜ್ಞಾನ ಅಧ್ಯಾಪಕರ ಮೂಲಕ ಕಳಿಸಿ. ಎಲ್ಲ ಶಾಲೆಗಳ ಲೆಕ್ಕವನ್ನು ಒಂದೇ ನಕ್ಷೆಯಲ್ಲಿ ಗುರುತಿಸಿ ನೋಡೋಣ.